ಮನೆ ಎಲ್ಲಿ ಕೊಳ್ಳೋದು? ಓಡಾಟ, ದುಡ್ಡು, ಜಾಗದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಹುಡುಕುತ್ತಿರುವವರು ಮಾತಿಗೆ ಕೂತರೆ ತಿರುಗಾಮುರುಗಾ ಇವೇ ಪ್ರಶ್ನೆಗಳು ಬರುತ್ತವೆ. ಊರಾಚೆ ದೊಡ್ಡ ಮನೆಯೋ, ಊರೊಳಗೆ ಚಿಕ್ಕದೋ? ನಾನು ದಲ್ಲಾಳಿ ಅಲ್ಲ, ಬ್ಯಾಂಕಿನವನೂ ಅಲ್ಲ. ಒಮ್ಮೆ ತಪ್ಪು ಲೆಕ್ಕ ಹಾಕಿ ದೂರದಲ್ಲಿ ಮನೆ ಕೊಂಡು, ಆರು ವರ್ಷ ಓಡಾಡಿ ಸುಸ್ತಾಗಿ, ಮಾರಿ, ಮತ್ತೆ ಕೊಂಡವನು. ಬಡ್ಡಿ, ತೆರಿಗೆ, ನೋಂದಣಿ ಎಲ್ಲ ಊರಿಂದ ಊರಿಗೆ ಬೇರೆ. ಹಾಗಾಗಿ ಲೆಕ್ಕಗಳನ್ನು ಬರೀ ಅಂಕಿಯಲ್ಲಿ ಕೊಟ್ಟಿದ್ದೇನೆ. ನಿಮ್ಮ ದುಡ್ಡಿಗೆ ನೀವೇ ಹೊಂದಿಸಿಕೊಳ್ಳಿ.

## ಮೊದಲು ತಿಳಿಯಬೇಕಾದ್ದು

ದೂರ ಹೋದಷ್ಟೂ ಮನೆ ಅಗ್ಗ ಯಾಕೆ? ಇದರಲ್ಲಿ ಏನಾದರೂ ಮೋಸ ಇದೆಯಾ?

ಮೋಸ ಇಲ್ಲ. ಆ ಅಗ್ಗ ನಿಮ್ಮ ಓಡಾಟಕ್ಕೆ ಸಿಗುವ ಕೂಲಿ, ಅಷ್ಟೇ. ವಿಲಿಯಂ ಅಲೊನ್ಸೊ ಎಂಬ ಅರ್ಥಶಾಸ್ತ್ರಜ್ಞ 1964ರಲ್ಲೇ ಇದನ್ನು ಲೆಕ್ಕವಾಗಿ ತೋರಿಸಿದ್ದರು. ಕೆಲಸವೆಲ್ಲ ಊರ ನಡುವೆ ಇದ್ದರೆ ಎಲ್ಲರೂ ಅಲ್ಲಿನ ನೆಲಕ್ಕೆ ಪೈಪೋಟಿ ಮಾಡುತ್ತಾರೆ. ದೂರ ಹೋದಂತೆ ಪ್ರಯಾಣದ ಖರ್ಚು ಏರುತ್ತೆ, ಅದಕ್ಕೆ ತಕ್ಕ ಹಾಗೆ ನೆಲದ ಬೆಲೆ ಇಳಿಯುತ್ತೆ.

ಇಲ್ಲೊಂದು ವಿಷಯ ಜನಕ್ಕೆ ಹೊಳೆಯುವುದಿಲ್ಲ. ಇಳಿಯುವುದು ನೆಲದ ಬೆಲೆ. ಸಿಮೆಂಟು, ಕಬ್ಬಿಣ, ಕೂಲಿ ಎಲ್ಲೇ ಕಟ್ಟಿದರೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ದೂರ ಹೋಗಿ ಸ್ವಂತ ನೆಲದ ಮನೆ ಕೊಂಡರೆ ಆ ಅಗ್ಗ ಪೂರ್ತಿ ನಿಮಗೆ ಸಿಗುತ್ತೆ. ಹತ್ತು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ಒಂದು ಫ್ಲಾಟ್ ಕೊಂಡರೆ ನಿಮ್ಮ ಪಾಲಿನ ನೆಲ ಚೂರೇ ಚೂರು, ಉಳಿತಾಯವೂ ಚೂರೇ. ಓಡಾಟ ಮಾತ್ರ ಪೂರ್ತಿ. ದೂರದ ಚಿಕ್ಕ ಫ್ಲಾಟು ಅನೇಕ ಸಲ ಎರಡೂ ಕಡೆಯಿಂದ ನಷ್ಟ.

ಓಡಾಟ, ದುಡ್ಡು, ಜಾಗ: ಮೂರರಲ್ಲಿ ಯಾವುದು ಮುಖ್ಯ? ಒಂದೇ ಮಾತಲ್ಲಿ ಹೇಳಿ.

ಓಡಾಟ.

ಇನ್ನೊಂದೆರಡು ಮಾತು ಸೇರಿಸಲೇಬೇಕು. ದುಡ್ಡು ಒಂದು ಮಿತಿ. ಅದನ್ನು ದಾಟಿ ಹೋಗುವ ಮಾತೇ ಇಲ್ಲ, ಹಾಗಾಗಿ ಅದು ತೂಗಿ ನೋಡುವ ವಿಷಯವೇ ಅಲ್ಲ. ನಿಜವಾದ ಚೌಕಾಸಿ ನಡೆಯುವುದು ಓಡಾಟಕ್ಕೂ ಜಾಗಕ್ಕೂ. ಚಿಕ್ಕ ಮನೆಗೆ ಮನುಷ್ಯ ಒಂದೆರಡು ವರ್ಷದಲ್ಲಿ ಒಗ್ಗಿಕೊಳ್ಳುತ್ತಾನೆ. ಬೇಡದ್ದನ್ನು ಎಸೀತಾನೆ, ಮಂಚದ ಕೆಳಗೆ ಪೆಟ್ಟಿಗೆ ಇಡ್ತಾನೆ. ಟ್ರಾಫಿಕ್ಕಿಗೆ ಒಗ್ಗಿಕೊಳ್ಳುವುದು ಕಷ್ಟ, ಯಾಕಂದ್ರೆ ಅದು ದಿನಾ ಬೇರೆ ಬೇರೆ ರೀತಿ ಕಾಡುತ್ತೆ. ಬ್ರೂನೋ ಫ್ರೈ ಮತ್ತು ಅಲೋಯಿಸ್ ಸ್ಟುಟ್ಜರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಜರ್ಮನಿಯ ಮನೆಗಳ ಸಮೀಕ್ಷೆ ಹಿಡಿದು ಇದನ್ನೇ ಹುಡುಕಿದರು. ದೂರ ಓಡಾಡುವವರಿಗೆ ಅಗ್ಗದ ಮನೆಯಿಂದಲೋ ಜಾಸ್ತಿ ಸಂಬಳದಿಂದಲೋ ಅಷ್ಟೇ ನೆಮ್ಮದಿ ವಾಪಸ್ ಸಿಗಬೇಕಿತ್ತು ಅಲ್ವಾ? ಸಿಕ್ಕಿರಲಿಲ್ಲ. ಅವರು ಬದುಕಿನ ಬಗ್ಗೆ ಉಳಿದವರಿಗಿಂತ ಕಡಿಮೆ ತೃಪ್ತರಾಗಿದ್ದರು.

ದಿನಕ್ಕೆ ಎಷ್ಟು ಹೊತ್ತು ಓಡಾಡಿದರೆ ಪರವಾಗಿಲ್ಲ?

ಹೋಗಿ ಬರುವುದು ಎರಡೂ ಸೇರಿ ಒಂದು ಗಂಟೆಯ ಆಸುಪಾಸು. ಇದು ನನ್ನ ಮಾತಲ್ಲ. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ವಿಷಯ ಮುಂದಿಟ್ಟರು. ಕಾಲ್ನಡಿಗೆಯ ಕಾಲದಿಂದ ಕಾರಿನ ಕಾಲದವರೆಗೂ ಜನ ದಿನಕ್ಕೆ ಸರಾಸರಿ ಸುಮಾರು ಒಂದು ಗಂಟೆ ಓಡಾಟಕ್ಕೆ ಕೊಡುತ್ತಾರೆ. ವೇಗ ಜಾಸ್ತಿಯಾದರೆ ಸಮಯ ಉಳಿಸುವುದಿಲ್ಲ, ಇನ್ನೂ ದೂರ ಹೋಗಿ ಮನೆ ಮಾಡುತ್ತಾರೆ.

ಹಾಗಂತ ಆಫೀಸಿನ ಪಕ್ಕದ ಗೋಡೆಯೇ ಮನೆಯಾಗಬೇಕು ಅಂತಲೂ ಯಾರೂ ಬಯಸುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ ಕೆಲಸಗಾರರನ್ನು ಕೇಳಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನ ಬಯಸಿದ ಒಂದು ಕಡೆಯ ಓಡಾಟ ಸರಾಸರಿ 16 ನಿಮಿಷ. ಸೊನ್ನೆ ಅಲ್ಲ. ಕೆಲಸ ಮುಗಿಸಿ ಮನೆಯ ಮನುಷ್ಯನಾಗಲು ಒಂದಿಷ್ಟು ಹೊತ್ತು ಬೇಕು.

ವರ್ಷಕ್ಕೆ 240 ದಿನ ಕೆಲಸ ಅಂದುಕೊಳ್ಳಿ. ಒಂದು ಕಡೆಗೆ ಬರೀ 30 ನಿಮಿಷ ಜಾಸ್ತಿಯಾದರೂ ವರ್ಷಕ್ಕೆ 240 ಗಂಟೆ. ದಿನಕ್ಕೆ 8 ಗಂಟೆ ಲೆಕ್ಕದಲ್ಲಿ 30 ದಿನದ ದುಡಿಮೆ, ಸಂಬಳ ಇಲ್ಲದೆ.

ಮ್ಯಾಪಿನಲ್ಲಿ 35 ನಿಮಿಷ ತೋರಿಸುತ್ತೆ. ನಂಬಬಹುದಾ?

ಯಾವಾಗ ನೋಡಿದ್ರಿ? ಮನೆ ನೋಡಲು ಹೋಗುವುದು ಭಾನುವಾರ ಬೆಳಿಗ್ಗೆ. ರಸ್ತೆ ಖಾಲಿ, ಮನಸ್ಸು ಖುಷಿ. ಆ 35 ನಿಮಿಷ ಭಾನುವಾರದ ನಿಮಿಷ.

ಮ್ಯಾಪಿನಲ್ಲೇ 'ಇಷ್ಟು ಗಂಟೆಗೆ ತಲುಪಬೇಕು' ಅಂತ ಹಾಕಿ ನೋಡುವ ಅನುಕೂಲ ಇದೆ. ಬುಧವಾರ ಬೆಳಿಗ್ಗೆಗೆ ಹಾಕಿ ನೋಡಿ. ಅದು ಕೊಡುವ ಎರಡು ಅಂಕಿಯಲ್ಲಿ ದೊಡ್ಡದನ್ನೇ ಹಿಡಿಯಿರಿ. ಆಮೇಲೆ ಒಂದು ವಾರದ ದಿನ ನಿಜವಾಗಿ ಹೋಗಿ ಬನ್ನಿ. ಮಳೆ ಬಂದ ದಿನವಾದರೆ ಇನ್ನೂ ಒಳ್ಳೆಯದು. ಗಡಿಯಾರ ಶುರುವಾಗಬೇಕಾದ್ದು ಮನೆ ಬಾಗಿಲಲ್ಲಿ, ನಿಲ್ಲಬೇಕಾದ್ದು ನಿಮ್ಮ ಕುರ್ಚಿಯಲ್ಲಿ. ಲಿಫ್ಟಿಗೆ ಕಾಯುವುದು, ಗಾಡಿ ತೆಗೆಯುವುದು, ಪಾರ್ಕಿಂಗ್ ಹುಡುಕುವುದು, ಗೇಟಿನಿಂದ ಒಳಗೆ ನಡೆಯುವುದು, ಇವೆಲ್ಲ ಮ್ಯಾಪಿಗೆ ಗೊತ್ತಿಲ್ಲ. ನನ್ನ ಮೊದಲ ಮನೆಯಲ್ಲಿ ಈ ಪುಡಿಗಾಸೇ ದಿನಕ್ಕೆ 25 ನಿಮಿಷ ತಿನ್ನುತ್ತಿತ್ತು.

ಸಂಜೆ ವಾಪಸ್ ಬರುವುದನ್ನೂ ಮರೆಯದೆ ಅಳೆಯಿರಿ. ಬೆಳಿಗ್ಗೆ ಎಲ್ಲರೂ ಹೆಚ್ಚುಕಡಿಮೆ ಕೆಲಸಕ್ಕೆ, ಶಾಲೆಗೆ ಹೊರಟವರು. ಸಂಜೆ ಅವರ ಜೊತೆಗೆ ಅಂಗಡಿಗೆ ಹೋಗುವವರು, ನೆಂಟರ ಮನೆಗೆ ಹೊರಟವರು ಎಲ್ಲ ಸೇರಿಕೊಳ್ಳುತ್ತಾರೆ.

## ದುಡ್ಡಿನ ಲೆಕ್ಕ

ದೂರದ ಮನೆಯಲ್ಲಿ ನಿಜವಾಗಿ ಎಷ್ಟು ಉಳಿಯುತ್ತೆ? ಲೆಕ್ಕ ಹಾಕೋದು ಹೇಗೆ?

ಮನೆಯ ಬೆಲೆಯನ್ನೂ ಓಡಾಟದ ಖರ್ಚನ್ನೂ ಒಂದೇ ತಕ್ಕಡಿಗೆ ತರಬೇಕು. ಒಂದು ಒಟ್ಟಾಗಿ ಕಾಣುತ್ತೆ, ಇನ್ನೊಂದು ತಿಂಗಳು ತಿಂಗಳು ಸೋರುತ್ತೆ. ಹಾಗಾಗಿ ಕಣ್ಣು ತಪ್ಪುತ್ತೆ.

ಶೇ. 8ರ ಬಡ್ಡಿಗೆ 20 ವರ್ಷದ ಸಾಲ ತೆಗೆದರೆ, ತಿಂಗಳಿಗೆ 1,000ದ ಕಂತು ಸುಮಾರು 1,20,000 ಸಾಲವನ್ನು ತೀರಿಸುತ್ತೆ. ಅಂದರೆ ತಿಂಗಳ ಖರ್ಚನ್ನು 120ರಿಂದ ಗುಣಿಸಿ. ಬಡ್ಡಿ ಶೇ. 10 ಆದರೆ 104ರಿಂದ, ಶೇ. 6 ಆದರೆ 140ರಿಂದ.

ದೂರದ ಮನೆ 12,00,000 ಅಗ್ಗ ಅಂದುಕೊಳ್ಳಿ. ಶೇ. 8ರಲ್ಲಿ ಅದು ತಿಂಗಳಿಗೆ ಹತ್ತಿರ ಹತ್ತಿರ 10,000 ಕಂತು. ಅಲ್ಲಿಗೆ ಹೋದ ಮೇಲೆ ಇಂಧನ, ಸರ್ವಿಸು, ಟೋಲು, ಪಾರ್ಕಿಂಗು ಎಲ್ಲ ಸೇರಿ ತಿಂಗಳಿಗೆ 10,000 ಜಾಸ್ತಿ ಆಯ್ತು ಅಂದ್ರೆ ಉಳಿತಾಯ ಸೊನ್ನೆ. ನಿಮ್ಮ ಸಮಯಕ್ಕೆ ಇನ್ನೂ ಒಂದು ಕಾಸೂ ಹಾಕಿಲ್ಲ, ನೋಡಿ. ಸಾಮಾನ್ಯವಾಗಿ ಈ ಲೆಕ್ಕವನ್ನು ಮಗುಚಿ ಹಾಕುವುದು ಎರಡನೇ ಗಾಡಿ. ಹತ್ತಿರದ ಮನೆಯಲ್ಲಿ ಒಂದು ಗಾಡಿಯಲ್ಲಿ ಸಂಸಾರ ನಡೆಯುತ್ತಿತ್ತು, ದೂರ ಹೋದ ಮೇಲೆ ಎರಡು ಬೇಕೇ ಬೇಕು. ಗಾಡಿಯ ಬೆಲೆ, ವಿಮೆ, ಟೈರು, ಬೆಲೆ ಇಳಿಯುವುದು, ಎಲ್ಲ ಹಾಕಿ.

ಲೆಕ್ಕ ಸರಿಸಮ ಬಂದರೂ ಎರಡೂ ಒಂದೇ ಅಲ್ಲ. ಕಂತು ಒಂದು ದಿನ ಮುಗಿಯುತ್ತೆ, ಮುಗಿದಾಗ ಮನೆ ನಿಮ್ಮದಾಗಿರುತ್ತೆ. ಪೆಟ್ರೋಲಿಗೆ ಹಾಕಿದ್ದು ಹೊಗೆಯಾಗಿ ಹೋಗುತ್ತೆ, ಬೆಲೆಯೂ ಏರುತ್ತಿರುತ್ತೆ.

ಮನೆ ಖರ್ಚು ಸಂಬಳದ ಶೇ. 30ರ ಒಳಗಿರಬೇಕು ಅಂತಾರೆ. ನಮ್ಮದು 28. ಸಾಕಲ್ವಾ?

ಅದು ಅರ್ಧ ಲೆಕ್ಕ. ಅಮೆರಿಕದ ಷಿಕಾಗೋದಲ್ಲಿರುವ ಸೆಂಟರ್ ಫಾರ್ ನೈಬರ್‌ಹುಡ್ ಟೆಕ್ನಾಲಜಿ ಎಂಬ ಸಂಸ್ಥೆ ಮನೆ ಮತ್ತು ಓಡಾಟ ಎರಡನ್ನೂ ಸೇರಿಸಿ ಅಳೆಯುತ್ತೆ. ಎರಡೂ ಸೇರಿ ಆದಾಯದ ಶೇ. 45 ದಾಟಬಾರದು ಅನ್ನುವುದು ಅವರ ಗೆರೆ. ಮನೆಗೆ ಶೇ. 28, ಓಡಾಟಕ್ಕೆ ಶೇ. 22 ಆದರೆ ನೀವು ಗೆರೆ ದಾಟಿದ್ದೀರಿ. ಮನೆಗೆ ಶೇ. 34, ಓಡಾಟಕ್ಕೆ ಶೇ. 7 ಇರುವ ಪಕ್ಕದವರು ನಿಮಗಿಂತ ಆರಾಮಾಗಿದ್ದಾರೆ.

ತೊಂದರೆ ಏನಂದ್ರೆ ಸಾಲ ಕೊಡುವವರು ನಿಮ್ಮ ಪೆಟ್ರೋಲ್ ಬಿಲ್ ಕೇಳುವುದಿಲ್ಲ. ಅವರಿಗೆ ಮನೆಯ ಬೆಲೆ ಮತ್ತು ಸಂಬಳ ಸಾಕು. ಹಾಗಾಗಿ ಜನ ಸಾಲ ಸಿಗುವ ಬೆಲೆ ಬರುವ ತನಕ ಊರಾಚೆ ಗಾಡಿ ಓಡಿಸುತ್ತಾ ಹೋಗುತ್ತಾರೆ.

ಬಾಡಿಗೆಗೆ ಇದ್ದು ನೋಡೋದು ದಂಡ ಅಲ್ವಾ?

ಅದೇ ಏರಿಯಾದಲ್ಲಿ ಆರು ತಿಂಗಳ ಬಾಡಿಗೆ, ಮನೆಯ ಬೆಲೆಯಲ್ಲಿ ತೀರಾ ಚಿಕ್ಕ ಭಾಗ. ತಪ್ಪು ಜಾಗದಲ್ಲಿ ಕೊಂಡು ಮಾರಿದರೆ ದಲ್ಲಾಳಿ, ನೋಂದಣಿ, ಸಾಗಣೆ, ಎರಡೆರಡು ಸಲ. ನನ್ನ ಮಟ್ಟಿಗೆ ಇದು ದಂಡ ಅಲ್ಲ, ವಿಮೆ. ಆದರೆ ಬೆಲೆ ಜೋರಾಗಿ ಏರುತ್ತಿರುವಾಗ ಕಾಯುವುದಕ್ಕೂ ಬೆಲೆ ಇದೆ, ಅದು ನಿಜ.

## ಜಾಗದ ಮಾತು

ಒಂದು ರೂಮು ಜಾಸ್ತಿ ಸಿಗುತ್ತೆ ಅಂದ್ರೆ ಸ್ವಲ್ಪ ದೂರ ಹೋಗಬಹುದಾ?

ಆ ರೂಮಿನಲ್ಲಿ ವರ್ಷಕ್ಕೆ ಎಷ್ಟು ರಾತ್ರಿ ಯಾರು ಮಲಗುತ್ತಾರೆ? ಇದನ್ನು ಎಣಿಸದೆ ಮುಂದೆ ಹೋಗಬೇಡಿ.

'ನೆಂಟರು ಬಂದಾಗ ಬೇಕಲ್ಲ' ಅನ್ನುವುದು ಸಾಮಾನ್ಯ ಉತ್ತರ. ಕಳೆದ ವರ್ಷ ನೆಂಟರು ಬಂದು ಉಳಿದದ್ದು ಎಷ್ಟು ದಿನ ಅಂತ ಕ್ಯಾಲೆಂಡರ್ ನೋಡಿ. ನಾನು ನೋಡಿದಾಗ 11 ರಾತ್ರಿ ಆಗಿತ್ತು. ಆ 11 ರಾತ್ರಿಗಾಗಿ 240 ದಿನ ಜಾಸ್ತಿ ಓಡಾಡುತ್ತಿದ್ದೆ. ಮನೆ ನೋಡುವಾಗ ಖಾಲಿ ರೂಮು ಕಣ್ಣಿಗೆ ಕಾಣುತ್ತೆ, ಓಡಾಟ ಕಾಣುವುದಿಲ್ಲ. ಹಾಗಾಗಿ ರೂಮೇ ಗೆಲ್ಲುತ್ತೆ.

ಆದರೆ ರೂಮು ದಿನಾ ಬಳಕೆಯಾಗುವುದಾದರೆ ಮಾತು ಪೂರ್ತಿ ಬೇರೆ. ಮನೆಯಿಂದ ಕೆಲಸ ಮಾಡುವವರಿಗೆ ಬಾಗಿಲು ಹಾಕಿಕೊಳ್ಳುವ ಒಂದು ಮೂಲೆ ಬೇಕೇ ಬೇಕು. ಬೆಳೆದ ಇಬ್ಬರು ಮಕ್ಕಳು ಒಂದೇ ರೂಮಿನಲ್ಲಿ ಓದಿ ಜಗಳವಾಡುತ್ತಿದ್ದರೆ ಅದೂ ದಿನದ ತೊಂದರೆಯೇ. ಅಂಥ ರೂಮಿಗೆ ಒಂದು ಕಡೆಗೆ 10–15 ನಿಮಿಷ ಜಾಸ್ತಿ ಕೊಡುವುದರಲ್ಲಿ ತಪ್ಪಿಲ್ಲ ಅಂತ ನನಗನಿಸುತ್ತೆ. ಅರ್ಧ ಗಂಟೆ ಕೊಡಲಾರೆ.

ದೊಡ್ಡ ಮನೆ ಅಂದರೆ ಗುಡಿಸಿ ಒರೆಸುವುದು ಜಾಸ್ತಿ, ಬಣ್ಣ ಜಾಸ್ತಿ, ಕರೆಂಟು ಜಾಸ್ತಿ. ಖಾಲಿ ರೂಮು ಖಾಲಿಯೂ ಇರುವುದಿಲ್ಲ. ಅದಕ್ಕೆ ಮಂಚ, ಬೀರು ಬಂದು ಕೂರುತ್ತವೆ.

ಎಷ್ಟು ಚದರಡಿ ಇದ್ದರೆ ಸಾಕು ಅಂತ ಹೇಗೆ ಗೊತ್ತಾಗುತ್ತೆ?

ಜಾಹೀರಾತಿನ ಚದರಡಿ ಬಿಡಿ. ಗೋಡೆಯ ಒಳಗೆ ನಿಜವಾಗಿ ಕಾಲಿಡುವ ಜಾಗ, ಅಂದರೆ ಕಾರ್ಪೆಟ್ ಏರಿಯಾ ಎಷ್ಟು ಅಂತ ಕೇಳಿ. ಎರಡು ಮನೆ ಹೋಲಿಸುವಾಗ ಎರಡಕ್ಕೂ ಅದನ್ನೇ ಹಿಡಿಯಿರಿ. ಆಮೇಲೆ ಈಗಿರುವ ಮನೆಯಲ್ಲಿ ಟೇಪು ಹಿಡಿದು ಅಳೆಯಿರಿ. ಎಲ್ಲಿ ಇಕ್ಕಟ್ಟು ಅನಿಸುತ್ತೋ ಆ ಜಾಗಕ್ಕೆ ಎಷ್ಟು ಅಡಿ ಸೇರಿದರೆ ಸಾಕು ಅಂತ ಗೊತ್ತಾಗುತ್ತೆ. ಅನೇಕ ಸಲ ಕೊರತೆ ಇರುವುದು ಸಾಮಾನಿಡುವ ಜಾಗದ್ದು, ಮನೆಯದ್ದಲ್ಲ.

ಮಕ್ಕಳಿಗೆ ಆಡೋಕೆ ಅಂಗಳ ಬೇಕು. ಊರೊಳಗೆ ಅದೆಲ್ಲಿ ಸಿಗುತ್ತೆ?

ಮಕ್ಕಳಿಗೆ ಅಂಗಳಕ್ಕಿಂತ ಜೊತೆಯ ಮಕ್ಕಳು ಬೇಕು. ನಡೆದು ಹೋಗುವ ದೂರದಲ್ಲಿ ಒಂದು ಮೈದಾನವೋ ಪಾರ್ಕೋ ಇದ್ದು, ಸಂಜೆ ಐದಾರು ಮಕ್ಕಳು ಸೇರಿದರೆ ಅದೇ ಅಂಗಳ. ಸಂಜೆ 5 ಗಂಟೆಗೆ ಆ ಬೀದಿಯಲ್ಲಿ ನಿಂತು ನೋಡಿ, ಉತ್ತರ ಸಿಗುತ್ತೆ.

## ಮನೆಮಂದಿಯ ಓಡಾಟ

ನಮ್ಮಿಬ್ಬರಿಗೂ ಬೇರೆ ಬೇರೆ ದಿಕ್ಕಲ್ಲಿ ಕೆಲಸ. ನಡುವೆ ಕೊಂಡರೆ ಸರಿ ಹೋಗುತ್ತಾ?

ನ್ಯಾಯವಾಗಿ ಕಾಣುತ್ತೆ, ಆದರೆ ಉಳಿತಾಯ ಏನೂ ಇಲ್ಲ. ಎರಡು ಆಫೀಸುಗಳ ನಡುವೆ ಒಂದು ನೇರ ಗೆರೆ ಎಳೆಯಿರಿ. ಆ ಗೆರೆಯ ಮೇಲೆ ಎಲ್ಲೇ ಮನೆ ಮಾಡಿದರೂ ಇಬ್ಬರ ದೂರ ಕೂಡಿಸಿದರೆ ಅಷ್ಟೇ ಬರುತ್ತೆ. ನಡುವೆ ಇದ್ದರೆ ಇಬ್ಬರಿಗೂ ಸಮನಾಗಿ ಹಂಚಿಹೋಗುತ್ತೆ, ಒಂದು ತುದಿಯಲ್ಲಿದ್ದರೆ ಒಬ್ಬರಿಗೆ ಪೂರ್ತಿ ಬೀಳುತ್ತೆ. ಗೆರೆ ಬಿಟ್ಟು ಆಚೆ ಹೋದರೆ ಮಾತ್ರ ಒಟ್ಟು ದೂರ ಏರುತ್ತೆ.

ಹಾಗಾಗಿ ನಿಜವಾದ ಪ್ರಶ್ನೆ ಬೇರೆ. ಮಗುವನ್ನು ಶಾಲೆಗೆ ಬಿಡುವವರು ಯಾರು? ಮಗುವಿಗೆ ಜ್ವರ ಅಂತ ಫೋನ್ ಬಂದರೆ ಓಡಿ ಬರುವವರು ಯಾರು? ಯಾರ ಕೆಲಸ ಬೇಗ ಬದಲಾಗಲಾರದು? ಆ ಮನುಷ್ಯ ಮನೆಗೆ ಹತ್ತಿರ ಇರಲಿ. ದಿಕ್ಕನ್ನೂ ನೋಡಿ. ಬೆಳಿಗ್ಗೆ ಎಲ್ಲರೂ ಊರೊಳಗೆ ನುಗ್ಗುವಾಗ ನೀವು ಊರಾಚೆ ಹೊರಟಿದ್ದರೆ ಅದೇ ಹತ್ತು ಕಿಲೋಮೀಟರು ಅರ್ಧ ಹೊತ್ತಿಗೆ ಮುಗಿಯಬಹುದು. ಒಂದು ಮಾತು ಮಾತ್ರ ಮನೆಯಲ್ಲಿ ಗಟ್ಟಿಯಾಗಿ ಆಡಿ: 'ಅಡ್ಜಸ್ಟ್ ಮಾಡ್ಕೊಳ್ತೀನಿ' ಅಂತ ಹೇಳುವವರು ಯಾವಾಗಲೂ ಒಬ್ಬರೇ ಆಗಬಾರದು.

ನನಗೆ ವಾರಕ್ಕೆ ಎರಡೇ ದಿನ ಆಫೀಸು. ದೂರ ಹೋದರೆ ಏನಾಗುತ್ತೆ?

ದಿನದ ಲೆಕ್ಕ ಬಿಟ್ಟು ವಾರದ ಲೆಕ್ಕ ಹಾಕಿ. ಒಂದು ಕಡೆಗೆ 90 ನಿಮಿಷ, ವಾರಕ್ಕೆ ಎರಡು ದಿನ: ಒಟ್ಟು 6 ಗಂಟೆ. ಒಂದು ಕಡೆಗೆ 35 ನಿಮಿಷ, ವಾರಕ್ಕೆ ಐದು ದಿನ: 5 ಗಂಟೆ 50 ನಿಮಿಷ. ಎರಡೂ ಒಂದೇ! ಹಾಗಾಗಿ ನಿಮ್ಮ ವಿಷಯದಲ್ಲಿ ದೂರದ ದೊಡ್ಡ ಮನೆ ಮೂರ್ಖತನ ಅಲ್ಲವೇ ಅಲ್ಲ.

ಆದರೆ ಆಫೀಸಿನ ನಿಯಮ ಒಂದು ಇಮೇಲಿನಲ್ಲಿ ಬದಲಾಗುತ್ತೆ, ಸಾಲ 20 ವರ್ಷ ಇರುತ್ತೆ. 'ನಾಳೆಯಿಂದ ಐದೂ ದಿನ ಬನ್ನಿ' ಅಂದರೆ ವಾರಕ್ಕೆ 15 ಗಂಟೆ. ಒಂದು ವರ್ಷ ಅದನ್ನು ತಡೆದುಕೊಳ್ಳಬಲ್ಲಿರಾ? ಆಗುತ್ತೆ ಅಂದ್ರೆ ಕೊಳ್ಳಿ.

ಅಪ್ಪ-ಅಮ್ಮನ್ನ ಕರ್ಕೊಂಡು ಬರ್ತೀವಿ. ಅವರಿಗೆ ಶಾಂತವಾದ ಹೊರವಲಯವೇ ಒಳ್ಳೇದಲ್ವಾ?

ಶಾಂತ ಬೇರೆ, ಒಂಟಿ ಬೇರೆ. ಗಾಡಿ ಓಡಿಸದ ಹಿರಿಯರಿಗೆ ನಡೆದು ಹೋಗುವಷ್ಟು ದೂರವೇ ಪ್ರಪಂಚ. ಔಷಧಿ ಅಂಗಡಿ, ಡಾಕ್ಟರು, ತರಕಾರಿ, ಮಾತಾಡಲು ಇಬ್ಬರು ಓರಗೆಯವರು: ಇಷ್ಟು 400 ಮೀಟರಿನೊಳಗೆ, ಅಂದರೆ ಆರಾಮಾಗಿ ನಡೆದರೆ ಐದಾರು ನಿಮಿಷದಲ್ಲಿ ಸಿಗುತ್ತಾ ನೋಡಿ. ಇಲ್ಲದಿದ್ದರೆ ಪ್ರತಿ ಸಣ್ಣ ಕೆಲಸಕ್ಕೂ ಅವರು ನಿಮ್ಮನ್ನು ಕಾಯಬೇಕು, ನೀವು ಟ್ರಾಫಿಕ್ಕಲ್ಲಿ ಇರುತ್ತೀರಿ.

## ಸ್ವಲ್ಪ ಆಳಕ್ಕೆ ಇಳಿದರೆ

ಹೊಸ ರೈಲು ಬರುತ್ತೆ, ರಸ್ತೆ ಅಗಲ ಆಗುತ್ತೆ ಅಂತಾರೆ. ಅದನ್ನು ನಂಬಿ ಕೊಳ್ಳಬಹುದಾ?

ಓಡುತ್ತಿರುವ ರೈಲನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಬರಲಿರುವುದನ್ನು ಸಿಕ್ಕರೆ ಲಾಭ ಅಂದುಕೊಳ್ಳಿ. ಮಾರುವವರು ಅದರ ಬೆಲೆಯನ್ನು ಈಗಾಗಲೇ ನಿಮ್ಮಿಂದ ವಸೂಲಿ ಮಾಡುತ್ತಿರುತ್ತಾರೆ ಅನ್ನುವುದನ್ನೂ ಮರೆಯಬೇಡಿ.

ರಸ್ತೆಯ ಕಥೆ ಇನ್ನೂ ವಿಚಿತ್ರ. ಅಗಲವಾದ ರಸ್ತೆ ಮತ್ತೆ ತುಂಬುತ್ತೆ. ಆಂಥೊನಿ ಡೌನ್ಸ್ ಎಂಬವರು 1962ರಲ್ಲೇ ಇದನ್ನು ಒಂದು ನಿಯಮ ಅಂತಲೇ ಬರೆದರು: ನಗರದ ಹೆದ್ದಾರಿಯಲ್ಲಿ ದಟ್ಟಣೆ ಹೊತ್ತಿನ ವಾಹನಗಳು ಏರಿ ಏರಿ ಹೆದ್ದಾರಿ ಹಿಡಿಸುವಷ್ಟಕ್ಕೆ ಬಂದು ನಿಲ್ಲುತ್ತವೆ. ಬೇರೆ ದಾರಿಯವರು, ಬೇರೆ ಹೊತ್ತಿನವರು, ಬಸ್ಸಿನವರು ಎಲ್ಲ ಈ ಕಡೆ ತಿರುಗುತ್ತಾರೆ. ಜಿಲ್ ಡ್ಯುರಾಂಟನ್, ಮ್ಯಾಥ್ಯೂ ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಅಮೆರಿಕದ ನಗರಗಳ ಅಂಕಿ ಹಿಡಿದು ನೋಡಿದರೆ, ಹೆದ್ದಾರಿ ಎಷ್ಟು ಬೆಳೆಯಿತೋ ವಾಹನ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಬೆಳೆದಿತ್ತು. ತನ್ನದೇ ಹಳಿ ಇರುವ ರೈಲು ಮಾತ್ರ ಈ ಜಾಮಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ. ನಿಲ್ದಾಣ ಈಗಾಗಲೇ ನಡೆಯುವ ದೂರದಲ್ಲಿದ್ದರೆ ಅದಕ್ಕೆ ದುಡ್ಡು ಕೊಡಬಹುದು.

ಕೆಲವು ದಿನ 40 ನಿಮಿಷ, ಕೆಲವು ದಿನ 80. ಯಾವ ಲೆಕ್ಕ ಹಿಡಿಯಲಿ?

ಸರಾಸರಿ ಹಿಡಿಯಬೇಡಿ. ಸರಾಸರಿ ಹಿಡಿದು ಹೊರಟರೆ ಎಷ್ಟೋ ದಿನ ತಡವಾಗಿ ಹೋಗುತ್ತೀರಿ. ಇಪ್ಪತ್ತು ದಿನದಲ್ಲಿ ಹತ್ತೊಂಬತ್ತು ದಿನ ಎಷ್ಟು ಹೊತ್ತಿಟ್ಟುಕೊಂಡರೆ ಸಮಯಕ್ಕೆ ಮುಟ್ಟುತ್ತೀರೋ ಅದೇ ನಿಮ್ಮ ಓಡಾಟದ ಹೊತ್ತು. ತಿಂಗಳಿಗೊಂದು ದಿನ ತಡವಾದರೆ ಆಫೀಸು ಸಹಿಸುತ್ತೆ.

ಹೀಗೆ ಏರುಪೇರಾಗುವುದಕ್ಕೆ ಕಾರಣ ಇದೆ. ಅಮೆರಿಕದ ಬ್ಯೂರೋ ಆಫ್ ಪಬ್ಲಿಕ್ ರೋಡ್ಸ್ 1964ರಲ್ಲಿ ಕೊಟ್ಟ ಒಂದು ಸೂತ್ರವನ್ನು ಸಾರಿಗೆ ಎಂಜಿನಿಯರುಗಳು ಇಂದಿಗೂ ಬಳಸುತ್ತಾರೆ. ಅದರ ಪ್ರಕಾರ ರಸ್ತೆ ಅರ್ಧ ತುಂಬಿದ್ದಾಗ ಪ್ರಯಾಣ ಶೇ. 1ರಷ್ಟೂ ತಡವಾಗುವುದಿಲ್ಲ. ಪೂರ್ತಿ ತುಂಬಿದಾಗ ಶೇ. 15. ರಸ್ತೆ ತಡೆಯುವುದಕ್ಕಿಂತ ಒಂದೂವರೆ ಪಟ್ಟು ವಾಹನ ಬಂದರೆ ಶೇ. 76. ಅಂದರೆ ಈಗಾಗಲೇ ತುಂಬಿದ ರಸ್ತೆಯಲ್ಲಿ ಒಂದು ಚೂರು ಮಳೆಯೋ ಕೆಟ್ಟು ನಿಂತ ಲಾರಿಯೋ ಸಾಕು. ಹೀಗಾಗಿ ಪ್ರತಿದಿನ 50 ನಿಮಿಷ ಹಿಡಿಯುವ ದಾರಿಯನ್ನು 35ರಿಂದ 80ರವರೆಗೆ ಆಡುವ ದಾರಿಗಿಂತ ನಾನು ಮೇಲೆ ಇಡುತ್ತೇನೆ. ಮನೆಗೆ ಎರಡು ಬೇರೆ ಬೇರೆ ದಾರಿ ಇದೆಯೋ, ಒಂದೇ ಸೇತುವೆ ದಾಟಬೇಕೋ ಅನ್ನುವುದನ್ನೂ ನೋಡಿ.

ರೈಲಿನ ಓಡಾಟವನ್ನೂ ಕಾರಿನ ಓಡಾಟವನ್ನೂ ಹೋಲಿಸೋದು ಹೇಗೆ?

ಎಲ್ಲ ನಿಮಿಷವೂ ಒಂದೇ ತೂಕದ್ದಲ್ಲ. ಕಾಯುವ, ನಡೆಯುವ ಒಂದು ನಿಮಿಷವನ್ನು ಕೂತು ಸಾಗುವ ಸುಮಾರು ಎರಡು ನಿಮಿಷಕ್ಕೆ ಸಮ ಅಂತ ಹಿಡಿಯುವುದು ಸಾರಿಗೆ ಯೋಜನೆಯಲ್ಲಿ ರೂಢಿ. ರೈಲಿನಲ್ಲಿ 30, ಕಾಯುವುದು 5, ನಡೆಯುವುದು 8: ಗಡಿಯಾರದಲ್ಲಿ 43 ನಿಮಿಷ, ಅನುಭವದಲ್ಲಿ 56. ಕಾರಿನ 50ಕ್ಕಿಂತ ಬೇಗ ಮುಟ್ಟಿದರೂ ಕಾರೇ ಹಿತ ಅನಿಸುವುದು ಇದಕ್ಕೇ. ನಡೆಯುವ ದಾರಿಗೆ ನೆರಳಿದ್ದು ಸೀಟೂ ಸಿಗುವುದಾದರೆ ಈ ಲೆಕ್ಕ ಉಲ್ಟಾ ಹೊಡೆಯುತ್ತೆ. ಓದಬಹುದು, ನಿದ್ದೆ ಹೊಡೆಯಬಹುದು. ನೀವು ಹತ್ತುವ ನಿಲ್ದಾಣ ಎಷ್ಟನೆಯದು ಅಂತ ನೋಡಿ. ಶುರುವಿನ ನಿಲ್ದಾಣವಾದರೆ ಸೀಟು ಸಿಗುತ್ತೆ. ಊರಾಚೆ ಇರುವವರಿಗೆ ಇರುವ ಒಂದು ಪುಣ್ಯ ಅದು.

ಐದು ವರ್ಷದಲ್ಲಿ ಕೆಲಸ ಬದಲಾದರೆ ಈ ಲೆಕ್ಕವೆಲ್ಲ ನೀರಿಗೆ ಅಲ್ವಾ?

ಈಗಿನ ಆಫೀಸಿಗೆ ಹತ್ತಿರ ಅಂತ ಮಾತ್ರ ಕೊಂಡರೆ ಹೌದು. ನಿಮ್ಮ ಕಸುಬಿನ ಕೆಲಸ ಕೊಡುವ ಜಾಗಗಳು ಎಷ್ಟಿವೆ ಅಂತ ಮ್ಯಾಪಿನಲ್ಲಿ ಗುರುತು ಹಾಕಿ. 45 ನಿಮಿಷದೊಳಗೆ ಅವುಗಳಲ್ಲಿ ಎಷ್ಟು ಸಿಗುತ್ತವೆ ಎಣಿಸಿ. ಒಂದಕ್ಕೆ 15 ನಿಮಿಷ, ಉಳಿದವಕ್ಕೆ ಒಂದೂವರೆ ಗಂಟೆ ಇರುವ ಜಾಗಕ್ಕಿಂತ ಮೂರು ಕಡೆಗೂ 40 ನಿಮಿಷ ಇರುವ ಜಾಗ ಭದ್ರ. ಮುಂದೆ ಬಾಡಿಗೆಗೆ ಕೊಡುವಾಗಲೂ ಮಾರುವಾಗಲೂ ಇದೇ ಕೆಲಸಕ್ಕೆ ಬರುತ್ತೆ. ಅಂದಹಾಗೆ ಮಕ್ಕಳ ಶಾಲೆ ಅನೇಕ ಸಲ ಅಪ್ಪ-ಅಮ್ಮನ ಕೆಲಸಕ್ಕಿಂತ ಜಾಸ್ತಿ ವರ್ಷ ಬದಲಾಗುವುದಿಲ್ಲ.

ಎರಡು ಏರಿಯಾ ಉಳಿದಿವೆ. ಅಂಕ ಕೊಟ್ಟು ತೀರ್ಮಾನ ಮಾಡಬಹುದಾ?

ಮಾಡಬಹುದು, ಆದರೆ ಮನಸ್ಸು ಮೊದಲೇ ಒಂದನ್ನು ಆರಿಸಿದ್ದರೆ ಕೈ ಸುಮ್ನೆ ಅದಕ್ಕೇ ಅಂಕ ಹಾಕುತ್ತೆ. ನಾನೂ ಹಾಗೇ ಮಾಡಿದ್ದೆ. ಈಜುಕೊಳಕ್ಕೆ ಹತ್ತಕ್ಕೆ ಎಂಟು ಕೊಟ್ಟಿದ್ದೆ, ಆರು ವರ್ಷದಲ್ಲಿ ಇಳಿದದ್ದು ನಾಲ್ಕು ಸಲ.

ಅದರ ಬದಲು ಒಂದು ಹಾಳೆ ತೆಗೆದುಕೊಂಡು ಎರಡೂ ಮನೆಯಲ್ಲಿ ಒಂದು ಸಾಧಾರಣ ಬುಧವಾರ ಹೇಗಿರುತ್ತೆ ಅಂತ ಗಂಟೆಗಂಟೆಗೆ ಬರೆಯಿರಿ. ಎಷ್ಟಕ್ಕೆ ಏಳುತ್ತೀರಿ, ಮಗು ಎಷ್ಟಕ್ಕೆ ಹೊರಡುತ್ತೆ, ಹಾಲು ಮುಗಿದರೆ ಎಲ್ಲಿಗೆ ಹೋಗುತ್ತೀರಿ, ಸಂಜೆ ಬಾಗಿಲು ತೆಗೆಯುವಾಗ ಗಂಟೆ ಎಷ್ಟು, ಆಗ ಮಗು ಎಚ್ಚರ ಇರುತ್ತಾ. ಗಂಡ-ಹೆಂಡತಿ ಬೇರೆ ಬೇರೆ ಹಾಳೆಯಲ್ಲಿ ಬರೆದು ಆಮೇಲೆ ಅದಲು ಬದಲು ಮಾಡಿಕೊಂಡು ಓದಿ. ನಮ್ಮ ಎರಡನೇ ಮನೆ ಹೀಗೇ ತೀರ್ಮಾನವಾದದ್ದು. ನನ್ನ ಹಾಳೆಯಲ್ಲಿ ಸಂಜೆ ಏಳಕ್ಕೆ 'ಮನೆ' ಅಂತ ಇತ್ತು, ಅವಳ ಹಾಳೆಯಲ್ಲಿ ಅದೇ ಏಳಕ್ಕೆ 'ಅವರು ಇನ್ನೂ ಬಂದಿಲ್ಲ' ಅಂತ ಇತ್ತು.